ಕೊಳ್ಳುವ ಮುನ್ನ ಒಂದು ಬೇಸಿಗೆ

ಬಳ್ಳಾರಿ

ಚಿ. ಸೌ. ಮಗಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಭಾನುವಾರ ನೀವಿಬ್ಬರೂ ಬಂದು, ನೀನು ಕೆಲಸ ಮಾಡುವ ಉಕ್ಕಿನ ಕಾರ್ಖಾನೆಯ ಊರು ತೋರಣಗಲ್ಲಿನ ಹೊಸ ಬಡಾವಣೆಯ ನಕ್ಷೆಯನ್ನು ನಮ್ಮ ಮುಂದೆ ಹರಡಿದಿರಿ. ಮೂವತ್ತು–ನಲವತ್ತರ ಸೈಟೊಂದಕ್ಕೆ ಮುಂಗಡ ಕೊಡಬೇಕೆಂದಿದ್ದೇವೆ, ನೀವೇನು ಹೇಳುತ್ತೀರಿ ಎಂದು ಕೇಳಿದಿರಿ. ನಿನ್ನ ಅಪ್ಪ ‘ನಿಮ್ಮಿಷ್ಟ’ ಎಂದು ಎದ್ದುಹೋದರು, ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ನಡೆದೆ. ಅದು ಉತ್ತರವಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಎದುರಿಗೆ ಕೂತು ಮಾತನಾಡಿದರೆ ನೀವು ನಮ್ಮಿಂದ ದೂರವಾಗುವ ಸಂಗತಿಯೇ ಮುಂದೆ ಬಂದು ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ. ಆದ್ದರಿಂದ ಮೂರು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬಳ್ಳಾರಿಯನ್ನು ಬಿಟ್ಟು ನಿನ್ನ ಕೆಲಸದ ಊರಿನ ಕಡೆಗೆ ಹೋಗುವುದು ಸರಿ. ಆದರೆ ಈ ವರ್ಷ ಸೈಟು ಕೊಳ್ಳಬೇಡಿ, ಹೋಗುವುದಾದರೆ ತೋರಣಗಲ್ಲಿನ ಬದಲು ದಾರಿಯ ನಡುವಿನ ಕುಡತಿನಿಗೆ ಬಾಡಿಗೆಗೆ ಹೋಗಿ.

ಹೋಗುವುದು ಸರಿ ಎಂದು ಏಕೆ ಹೇಳುತ್ತೇನೆಂದರೆ, ಆ ರಸ್ತೆಯಲ್ಲಿ ಹದಿನೆಂಟು ವರ್ಷ ಓಡಾಡಿದವಳು ನಾನು. ಕುಡತಿನಿಯ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದಾಗ ನಿನಗೆ ನಾಲ್ಕು ವರ್ಷ. ಊರು ಬದಲಿಸೋಣವೇ ಎಂದು ನಾನು ಕೇಳಿದ್ದೆ, ಆದರೆ ಅಪ್ಪನಿಗೆ ಹತ್ತಿ ಜಿನ್ನಿಂಗ್ ಮಿಲ್ಲಿನ ಕೆಲಸವಿತ್ತು, ಅಜ್ಜಿಗೆ ದುರ್ಗಮ್ಮನ ಗುಡಿಯ ಹತ್ತಿರದ ಮನೆ ಬಿಡುವ ಮನಸ್ಸಿರಲಿಲ್ಲ. ಮಾತು ಅಲ್ಲಿಗೇ ನಿಂತಿತು. ಸಂಜೆಯ ಬಸ್ಸು ತಡವಾದ ದಿನ ನಾನು ಮನೆ ಸೇರುವಾಗ ಏಳು ಗಂಟೆಯಾಗುತ್ತಿತ್ತು, ನೀನು ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಒಂದು ಸಂಜೆ ನೀನು ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದೆ. ಪಾಟಿಯ ಮೇಲೆ ‘ಅ’ದಿಂದ ‘ಅಃ’ದವರೆಗೆ ಬರೆದು, ನಾನು ನೋಡುವ ಮೊದಲು ಅಕ್ಷರ ಅಳಿಸಿಹೋಗಬಾರದೆಂದು ಅದನ್ನು ಮೈಗೆ ತಾಗದಂತೆ ಎರಡೂ ಕೈಗಳಿಂದ ಮೊಣಕಾಲಿನ ಆಚೆಗೆ ಹಿಡಿದುಕೊಂಡಿದ್ದೆ. ನಿದ್ದೆಯಲ್ಲೂ ಆ ಹಿಡಿತ ಸಡಿಲವಾಗಿರಲಿಲ್ಲ. ಊರಿನ ನೂರಾರು ಮಕ್ಕಳಿಗೆ ಅಕ್ಷರ ಕಲಿಸಿ ಬಂದವಳಿಗೆ ತನ್ನ ಮಗಳ ಅಕ್ಷರ ನೋಡಲು ದಿನದ ಕೊನೆಯ ಗಳಿಗೆ ಮಾತ್ರ ಉಳಿಯುತ್ತಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ಈಗ ನಿನ್ನ ಮಗಳು ನಮ್ಮ ಮನೆಯ ಬಾಗಿಲಲ್ಲಿ ನಿಂತು, ಆರೂವರೆಗೆ, ‘ಅಜ್ಜಿ, ಅಮ್ಮನ ಬಸ್ಸು ಕುಡತಿನಿ ದಾಟಿತಾ?’ ಎಂದು ಕೇಳುತ್ತಾಳೆ. ಅವಳನ್ನು ನೋಡಿಕೊಳ್ಳುವುದು ನಮಗೆ ಭಾರವೆಂದು ಎಂದೂ ತಿಳಿಯಬೇಡ. ನಮ್ಮ ದಿನಕ್ಕೆ ಅವಳೇ ಬೆಳಕು. ಹಾಗಿದ್ದರೂ ಬರುವ ಜೂನ್‌ನಲ್ಲಿ ಅವಳು ಒಂದನೆಯ ತರಗತಿಗೆ ಹೋಗುವಾಗ ನೀನು ದಾರಿಯಲ್ಲಿ ಕಳೆಯುವ ಆ ಎರಡು ಗಂಟೆ ನಿನ್ನ ಕೈಗೆ ಬರಬೇಕೆಂಬುದು ನನ್ನ ಆಸೆ.

ಹಾಗಾದರೆ ತೋರಣಗಲ್ಲೇ ಏಕೆ ಬೇಡ ಎಂದು ನೀನು ಕೇಳುತ್ತೀ. ಅಲ್ಲಿ ಮನೆ ಮಾಡಿದರೆ ನಿನ್ನ ಆಸ್ಪತ್ರೆಯ ಲ್ಯಾಬಿಗೆ ಹತ್ತು ನಿಮಿಷದ ದಾರಿ, ನಿಜ. ಆದರೆ ನಿನ್ನ ತಲೆಯ ಮೇಲಿಂದ ಇಳಿಸಿದ ಹೊರೆ ಅಳಿಯಂದಿರ ತಲೆಗೆ ಏರುತ್ತದೆ. ಅವರ ಕೆಲಸವಿರುವುದು ಇಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ದಸರಾ, ದೀಪಾವಳಿಯ ಆರ್ಡರುಗಳು ಬಂದಾಗ ಜೀನ್ಸ್ ಘಟಕಗಳಲ್ಲಿ ಕಟಿಂಗ್ ಮಾಸ್ಟರ್ ರಾತ್ರಿ ಹತ್ತಕ್ಕೂ ಮೇಜು ಬಿಡುವಂತಿಲ್ಲ. ಈಗ ನೀನು ಹೋಗಿಬರುವುದು ಹಗಲಿನಲ್ಲಿ, ಸರ್ಕಾರಿ ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತೀ, ತಿಂಗಳ ಪಾಸಿನ ಖರ್ಚೂ ಇಲ್ಲ. ಅವರಾದರೋ ದಿನಕ್ಕೆ ಅರವತ್ತು ಕಿಲೋಮೀಟರಿನಷ್ಟು ದಾರಿಯನ್ನು ಬೈಕಿನಲ್ಲಿ, ಅದರಲ್ಲಿ ಅರ್ಧವನ್ನು ಕತ್ತಲಲ್ಲಿ, ಅದಿರಿನ ಲಾರಿ ಮತ್ತು ಕಬ್ಬಿಣದ ಸುರುಳಿ ಹೊತ್ತ ಟ್ರೇಲರುಗಳ ನಡುವೆ ಕ್ರಮಿಸಬೇಕು. ಹೊಸಪೇಟೆ ರಸ್ತೆಯ ಚತುಷ್ಪಥ ಕಾಮಗಾರಿ ಎಷ್ಟು ವರ್ಷ ಎಳೆಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಮನೆಯ ಕಂತಿನ ಲೆಕ್ಕವನ್ನು ನೀವಿಬ್ಬರೂ ಬಹಳ ಶ್ರದ್ಧೆಯಿಂದ ಮಾಡಿದ್ದೀರಿ, ಆದರೆ ಆ ಹಾಳೆಯಲ್ಲಿ ಪೆಟ್ರೋಲಿನ ಸಾಲೂ ಇರಲಿಲ್ಲ, ರಾತ್ರಿ ಹತ್ತರ ರಸ್ತೆಯ ಭಯಕ್ಕೆ ಜಾಗವೂ ಇರಲಿಲ್ಲ.

ಕುಡತಿನಿ ಬಳ್ಳಾರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಅಲ್ಲಿಂದ ನಿನಗೆ ಅದರ ಅರ್ಧ ದಾರಿ. ಹಬ್ಬದ ಕಾಲದಲ್ಲಿ ತಡವಾದ ದಿನ ಅಳಿಯಂದಿರು ನಮ್ಮಲ್ಲೇ ಊಟ ಮಾಡಿ ಮಲಗಲಿ. ಇದು ಅವರ ಮನೆಯೇ. ಹಾಗೆಂದು ಕುಡತಿನಿ ಸ್ವರ್ಗವೆಂದು ನಾನು ಹೇಳುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಜೋಳ, ಹತ್ತಿಯ ಹೊಲಗಳ ನಡುವಿನ ಊರಾಗಿದ್ದ ಅದು, 500 ಮೆಗಾವಾಟಿನ ಎರಡು ಮತ್ತು 700 ಮೆಗಾವಾಟಿನ ಒಂದು ಘಟಕವುಳ್ಳ ಉಷ್ಣ ವಿದ್ಯುತ್ ಸ್ಥಾವರ ಬಂದ ಮೇಲೆ ಬೇರೆಯೇ ಊರಾಗಿದೆ, ಪಟ್ಟಣ ಪಂಚಾಯಿತಿಯೂ ಆಗಿದೆ. ಬಾಡಿಗೆಗೆ ಕೊಡಲೆಂದೇ ಕಟ್ಟಿದ ಮನೆಗಳು ಅಲ್ಲಿ ಬೇಕಾದಷ್ಟಿವೆ.

ಇನ್ನು ಕೊಳ್ಳುವ ವಿಚಾರ. ತೋರಣಗಲ್ಲಿನಲ್ಲಿ ಸೈಟಿನ ದರ ಏರುತ್ತಲೇ ಇರುತ್ತದೆಂದು ಬ್ರೋಕರ್ ಹೇಳಿದ ಮಾತನ್ನು ನೀನು ಎರಡು ಬಾರಿ ಹೇಳಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ದಿನಗಳನ್ನು ನೆನಪು ಮಾಡಿಕೋ. ಆಗ ನೀನು ಕಾಲೇಜಿನಲ್ಲಿದ್ದೆ. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಮಾರಿದರು, ನಮ್ಮ ಶಾಲೆಯ ಕೆಲವು ಮಕ್ಕಳು ನಡುವರ್ಷದಲ್ಲೇ ವರ್ಗಾವಣೆ ಪತ್ರ ಪಡೆದು ಹೋದರು. ಆ ತಿಂಗಳು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳು ನಾನೇ. ಒಂದೇ ಉದ್ಯಮವನ್ನು ನಂಬಿ ಬೆಳೆಯುವ ಊರಿನಲ್ಲಿ ದುಡಿಯುವುದು ಬೇರೆ, ದುಡಿದದ್ದನ್ನೆಲ್ಲ ತಂದು ಅದೇ ಊರಿನ ಮಣ್ಣಿಗೆ ಹಾಕುವುದು ಬೇರೆ. ನಿನ್ನ ಸಂಬಳ, ನಿನ್ನ ಸೈಟು ಎರಡೂ ಒಂದೇ ಚಿಮಣಿಯ ಕೆಳಗಿದ್ದರೆ ಕೆಟ್ಟ ಕಾಲ ಬಂದಾಗ ಎರಡೂ ಒಟ್ಟಿಗೆ ಅಲುಗುತ್ತವೆ.

ಕಾಗದಪತ್ರಗಳ ಬಗ್ಗೆ ನಾನು ಕಠಿಣವಾಗಿಯೇ ಮಾತನಾಡುತ್ತೇನೆ, ಏಕೆಂದರೆ ನಾವು ಪೆಟ್ಟು ತಿಂದವರು. ಈಗಿನ ಈ ಮನೆಯ ಸೈಟನ್ನು ಕೊಂಡಾಗ ನಮಗೆ ತೋರಿಸಿದ ನಕ್ಷೆಯಲ್ಲಿಯೂ ಹಸಿರು ಬಣ್ಣದ ಪಾರ್ಕ್ ಇತ್ತು. ಹೊಲಕ್ಕೆ ಭೂಪರಿವರ್ತನೆಯೇ ಆಗಿರಲಿಲ್ಲವೆಂಬುದು ತಿಳಿದದ್ದು ಹಣ ಕೊಟ್ಟ ಮೇಲೆ. ಪಾರ್ಕಿದ್ದ ಜಾಗದಲ್ಲಿ ಮನೆಗಳೆದ್ದವು, ನಮ್ಮ ಹೆಸರಿಗೆ ಖಾತೆಯಾಗಲು ಹನ್ನೊಂದು ವರ್ಷ ಹಿಡಿಯಿತು, ಅಷ್ಟು ಕಾಲ ಯಾವ ಬ್ಯಾಂಕೂ ನಮಗೆ ಮನೆಸಾಲ ಕೊಡಲಿಲ್ಲ. ಆದ್ದರಿಂದ ಮುಂದೆಂದಾದರೂ ಕೊಳ್ಳುವುದಾದರೆ ಮೊದಲು ಪಹಣಿ ನೋಡು, ಭೂಪರಿವರ್ತನೆಯ ಆದೇಶ ನೋಡು, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ ಎಂದು ನೋಡು, ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸು. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಾದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳು. ಅನುಮೋದನೆಯಿಲ್ಲದ ಸೈಟುಗಳಿಗೆ ಕೊಡುವ 11ಬಿ ತೋರಿಸಿ ‘ಎರಡೂ ಒಂದೇ’ ಎನ್ನುವವರ ಹತ್ತಿರ ಮಾತು ಮುಂದುವರಿಸಬೇಡ. ಭಾನುವಾರ ನೀವು ತಂದಿದ್ದು ಬಣ್ಣದ ನಕ್ಷೆಯೊಂದೇ. ಅದರ ಹಿಂದೆ ಒಂದು ಸರ್ವೆ ನಂಬರೂ ಇರಲಿಲ್ಲ.

ಬಾಡಿಗೆಗೆ ಹೋಗಿ ಎನ್ನುವುದಕ್ಕೆ ಇನ್ನೊಂದು ಕಾರಣ ಬೇಸಿಗೆ. ಜನವರಿಯಲ್ಲಿ ನೋಡಿದ ಬಡಾವಣೆ ಎಲ್ಲವೂ ಚೆಂದವೇ. ಏಪ್ರಿಲ್ ಕೊನೆಯಲ್ಲಿ, ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಬೋರಿನ ನೀರು ಕುಡಿಯಲು ಬರುತ್ತದೆಯೇ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಕೊಡಬೇಕಾಗುತ್ತದೆ ಎಂಬುದು ಅಲ್ಲಿ ಬದುಕಿದವರಿಗಷ್ಟೇ ತಿಳಿಯುತ್ತದೆ. ನಮ್ಮ ಸೀಮೆಯ ಕುಡಿಯುವ ನೀರು ಬಹುಮಟ್ಟಿಗೆ ತುಂಗಭದ್ರೆಯನ್ನೇ ನಂಬಿದೆ. ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ, ತುಂಬಿದ್ದ ನೀರು ಹೊಳೆಗೆ ಹೋಗುವುದನ್ನು ಟಿವಿಯಲ್ಲಿ ನೋಡುತ್ತ ನಿನ್ನ ಅಪ್ಪ ಆ ದಿನ ಊಟ ಮಾಡಲಿಲ್ಲ. ನೀರಿನ ಲೆಕ್ಕ ನೋಡದೆ ಈ ಜಿಲ್ಲೆಯಲ್ಲಿ ಮನೆ ಮಾಡಬಾರದು ಮಗಳೇ. ಧೂಳಿನದೂ ಅದೇ ಮಾತು. ತೋರಣಗಲ್ಲಿನಲ್ಲಿ ನೀವು ತೋರಿಸಿದ ಸೈಟಿನ ಪಕ್ಕದ ಮನೆಯವರ ತುಳಸಿ ಎಲೆಯನ್ನು ನಾನು ಸೆರಗಿನಿಂದ ಒರೆಸಿ ನೋಡಿದೆ. ಬಿಳಿ ಸೆರಗಿನ ಮೇಲೆ ಕೆಂಪು ಬೂದುಬಣ್ಣದ ಗೆರೆ ಮೂಡಿತು. ರಸ್ತೆಯ ಧೂಳೋ, ಬಯಲಿನದೋ, ಯಾವುದಾದರೂ ಸರಿ, ಮಗುವಿಗೆ ಚಳಿಗಾಲದಲ್ಲಿ ಉಬ್ಬಸ ಬರುವುದನ್ನು ಮರೆಯಬೇಡ. ಒಂದು ವರ್ಷ ಬಾಡಿಗೆಗಿದ್ದರೆ ಅವಳ ಎದೆಯೇ ನಮಗೆ ಉತ್ತರ ಹೇಳುತ್ತದೆ. ಒಗ್ಗದಿದ್ದರೆ ಗೋಣಿಚೀಲದಲ್ಲಿ ಪಾತ್ರೆ ಕಟ್ಟಿಕೊಂಡು ವಾಪಸು ಬರಬಹುದು.

ಅಪ್ಪನ ಮೌನವನ್ನು ಸಿಟ್ಟೆಂದು ತಿಳಿಯಬೇಡ. ಅವರಿಗೆ ಆರು ತಿಂಗಳಿಗೊಮ್ಮೆ ವಿಮ್ಸ್ ಆಸ್ಪತ್ರೆಗೆ ಹೋಗಬೇಕು, ಆಗ ನೀನು ಜೊತೆಗಿರುವುದಿಲ್ಲವೆಂಬ ಅಳುಕು ಅಷ್ಟೆ. ಅವರನ್ನು ಆಟೋದಲ್ಲಿ ಕರೆದೊಯ್ಯಲು ನನಗೆ ಇನ್ನೂ ಶಕ್ತಿಯಿದೆ. ನಮಗಾಗಿ ಉಳಿಯುವ ಯೋಚನೆ ಮಾಡಬೇಡ.

ನನ್ನ ಜೊತೆ ಕೆಲಸ ಮಾಡಿದ ಟೀಚರೊಬ್ಬರ ಮನೆಯ ಕೆಳಭಾಗ ಕುಡತಿನಿಯಲ್ಲಿ ಸಂಕ್ರಾಂತಿಯಿಂದ ಖಾಲಿಯಿದೆ. ಎರಡು ಕೋಣೆ, ಹಿತ್ತಿಲಲ್ಲಿ ನೀರಿನ ತೊಟ್ಟಿ, ಶಾಲೆ ಹತ್ತಿರ. ಗುರುವಾರ ಸಂಜೆ ನೋಡಲು ಬರುತ್ತೇವೆಂದು ಅವರಿಗೆ ಫೋನು ಮಾಡಿದ್ದೇನೆ. ಅಲ್ಲಿಯವರೆಗೆ ಮುಂಗಡದ ಹಣ ಬ್ಯಾಂಕಿನಲ್ಲೇ ಇರಲಿ. ನೀನು ಡ್ಯೂಟಿ ಮುಗಿಸಿ ಬರುವಾಗ ಬಳ್ಳಾರಿಯ ತನಕ ಬರದೆ ಕುಡತಿನಿಯಲ್ಲೇ ಇಳಿ. ನಾನು ಮಗುವನ್ನು ಕರೆದುಕೊಂಡು ಅಲ್ಲಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ.

ಇತಿ ನಿನ್ನ
ಅಮ್ಮ