‘ಫಿಜ್’ ಎಂಬ ಪದವನ್ನು ಕುರಿತು ಒಂದು ಪತ್ರ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ನಿಮ್ಮ ಕಥೆಯನ್ನು ನೀವೇ ಇಂಗ್ಲಿಷಿಗೆ ತಂದಿರುವ ಪ್ರತಿಯನ್ನು ಮೂಲದೊಡನೆ ಇಟ್ಟುಕೊಂಡು ಓದಿದೆ. ಬಹುಪಾಲು ಚೆನ್ನಾಗಿಯೇ ಬಂದಿದೆ. ಆದರೆ ತೀರಿಹೋದ ಅಜ್ಜಿಯನ್ನು ಪಡಸಾಲೆಯಲ್ಲಿ ಮಲಗಿಸಿ, ಮೊಮ್ಮಗಳು ಅವಳ ಮುಖದ ಮೇಲಿನ ಬಟ್ಟೆಯನ್ನು ಸರಿಸುವ ಸಾಲಿಗೆ ಬಂದಾಗ ನನ್ನ ಓದು ನಿಂತಿತು. ‘ಫೇಸ್’ ಎಂದು ಇರಬೇಕಾದ ಕಡೆ ನೀವು ‘ಫಿಜ್’ (phiz) ಎಂದು ಬರೆದಿದ್ದೀರಿ. ‘ಫೇಸ್’ ಸವೆದ ಪದ, ಹಳೆಯ ಕಾಲದ ಅಜ್ಜಿಗೆ ಹಳೆಯ ಪದವೇ ಒಪ್ಪುತ್ತದೆ ಎಂಬುದು ನೀವು ಕೊಟ್ಟ ಕಾರಣ. ಸಮಾನಾರ್ಥಕ ಪದಗಳ ಕೋಶವು ಅದರ ಪಕ್ಕದಲ್ಲಿ ‘ಪ್ರಾಚೀನ’ ಎಂದಷ್ಟೇ ಗುರುತು ಹಾಕಿ ಬಿಟ್ಟಿದ್ದರೆ ತಪ್ಪು ಕೋಶದ್ದು. ಆ ಪದದ ಹುಟ್ಟನ್ನು ನೋಡಿದರೆ ನನ್ನ ಆಕ್ಷೇಪಣೆ ನಿಮಗೆ ತಿಳಿದೀತು.

‘ಫಿಜ್’ ಎಂಬುದು ‘ಫಿಸಿಯಾಗ್ನಮಿ’ಯ ತುಂಡು. ಮುಖಲಕ್ಷಣ ನೋಡಿ ಗುಣ ಹೇಳುವ ವಿದ್ಯೆಗೆ, ನಮ್ಮವರು ಸಾಮುದ್ರಿಕ ಎನ್ನುವುದರ ಒಂದು ಭಾಗಕ್ಕೆ, ಗ್ರೀಕ್ ಮೂಲದ ಆ ದೊಡ್ಡ ಹೆಸರು ಇತ್ತು. ಕಾಲಕ್ರಮದಲ್ಲಿ ಅದು ಮುಖಕ್ಕೇ ಹೆಸರಾಯಿತು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಮಾತುಗಾರರು ಇಂಥ ಉದ್ದನೆಯ ಪದಗಳ ತಲೆಯನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವ ಚಾಳಿ ಹಿಡಿದಿದ್ದರು. ಚಂಚಲ ಜನಸಮೂಹ ಎಂಬರ್ಥದ ಲ್ಯಾಟಿನ್ನಿನ ‘ಮೊಬಿಲೆ ವಲ್ಗಸ್’ ಕುಗ್ಗಿ ‘ಮಾಬ್’ ಆಯಿತು, ‘ಪಾಸಿಟಿವ್’ ಎಂಬುದು ‘ಪಾಜ್’ ಆಯಿತು, ‘ಇನ್‌ಕಾಗ್ನಿಟೊ’ ‘ಇನ್‌ಕಾಗ್’ ಆಯಿತು. ವ್ಯಂಗ್ಯಲೇಖಕ ಜೊನಾಥನ್ ಸ್ವಿಫ್ಟ್ 1710ರ ಸೆಪ್ಟೆಂಬರಿನಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಈ ಚಾಳಿಯ ಮೇಲೆ ಹರಿಹಾಯ್ದ. ಇಲಿಗಳು ಓಡಿಹೋಗದಂತೆ ಅವುಗಳ ಕಾಲನ್ನು ಕಚ್ಚಿ ಹಾಕಿ, ಆಮೇಲೆ ಮೇಯಿಸಿ ಕೊಬ್ಬಿಸುವ ಗೂಬೆಗೆ ಅವನು ಈ ಮಾತುಗಾರರನ್ನು ಹೋಲಿಸಿದ. ‘ಮಾಬ್’ ಪದವನ್ನು ತಡೆಯಲು ವರ್ಷಗಟ್ಟಲೆ ಹೆಣಗಿದರೂ ಎದುರಿನವರ ಸಂಖ್ಯೆಗೇ ಸೋತೆನೆಂದು ಒಪ್ಪಿಕೊಂಡ. ಅವನ ಸೋಲು ಎಷ್ಟು ಪೂರ್ಣವಾದದ್ದೆಂದರೆ, ಇಂದು ‘ಮಾಬ್’ ಕತ್ತರಿಸಿದ ಪದವೆಂದು ಯಾರಿಗೂ ಅನ್ನಿಸುವುದಿಲ್ಲ. ‘ಫಿಜ್’ಗೆ ಆ ಭಾಗ್ಯ ಬರಲಿಲ್ಲ, ಏಕೆಂದರೆ ಅದರ ಜಾಗದಲ್ಲಿ ‘ಫೇಸ್’ ಮೊದಲೇ ಗಟ್ಟಿಯಾಗಿ ಕುಳಿತಿತ್ತು. ಹೊಸ ಪದಕ್ಕೆ ಉಳಿದದ್ದು ತಮಾಷೆಯ ಮತ್ತು ತಾತ್ಸಾರದ ಮೂಲೆ ಮಾತ್ರ ಎಂದು ನನ್ನ ಊಹೆ.

ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಈ ಪದವನ್ನು ಹಾಸ್ಯಾಸ್ಪದವಾದ ಸಂಕ್ಷೇಪವೆಂದು ಕರೆದು, ಬರೆಯಲೇಬೇಕಾದರೆ ‘ಐ’ ಬದಲು ‘ವೈ’ ಅಕ್ಷರ ಹಾಕಿ ಬರೆಯಬೇಕೆಂದು ಗೊಣಗಿ, ‘ತಿರಸ್ಕಾರದ ಅರ್ಥದಲ್ಲಿ ಮುಖ’ ಎಂದು ಅರ್ಥ ಕೊಟ್ಟಿದ್ದಾನೆ. ಅವನ ಕಾಗುಣಿತವನ್ನು ಜನ ಕೇಳಲಿಲ್ಲ, ಆದರೆ ಅರ್ಥದ ವಿಷಯದಲ್ಲಿ ಅವನು ಹೇಳಿದ್ದು ಸರಿ. ಈ ಪದದ ಹಿಂದೆ ಬರುವ ವಿಶೇಷಣಗಳನ್ನು ಗಮನಿಸಿ: ಹುಳಿ ಹಿಂಡಿದ, ಜೋಲು ಬಿದ್ದ, ನಗು ಬರಿಸುವ. ಹಾಸ್ಯಪದ್ಯಗಳಲ್ಲಿ ಪ್ರಾಸಕ್ಕೆ ಅದು ಒದಗುತ್ತಿತ್ತು. ಚರಮಗೀತೆಯಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ಗೆ 1836ರಲ್ಲಿ ಚಿತ್ರ ಬರೆಯತೊಡಗಿದ ಹ್ಯಾಬ್ಲೋ ನೈಟ್ ಬ್ರೌನ್, ಡಿಕನ್ಸ್‌ನ ‘ಬಾಜ್’ ಎಂಬ ಕಾವ್ಯನಾಮಕ್ಕೆ ಜೊತೆಯಾಗಲೆಂದು ‘ಫಿಜ್’ ಎಂಬ ಹೆಸರು ಇಟ್ಟುಕೊಂಡ. ಉಬ್ಬುಗೆನ್ನೆ, ಚೂಪುಮೂಗುಗಳನ್ನು ಗೆರೆಗಳಲ್ಲಿ ಹಿಡಿಯುತ್ತಿದ್ದವನಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ. (‘ಬಾಜ್’ ಕೂಡ ತುಂಡು ಹೆಸರೇ. ಡಿಕನ್ಸ್‌ನ ತಮ್ಮನಿಗಿದ್ದ ‘ಮೋಸೆಸ್’ ಎಂಬ ಅಡ್ಡಹೆಸರು ಮೂಗಿನಲ್ಲಿ ಆಡಿದಾಗ ‘ಬೋಸೆಸ್’ ಆಗಿ, ಅಲ್ಲಿಂದ ‘ಬಾಜ್’ ಆಯಿತು.)

ಈಗ ನಿಮ್ಮ ಸಾಲಿಗೆ ಬರೋಣ. ಕನ್ನಡದಲ್ಲಿ ಮುಖಕ್ಕೆ ಎಷ್ಟು ಮಾತುಗಳಿವೆ ಎಂಬುದು ನಿಮಗೆ ಗೊತ್ತು. ಧಾರವಾಡದ ಕಡೆ ಮಗುವಿಗೆ ‘ಮಾರಿ ತೊಳಕೋ’ ಎನ್ನುವಾಗ, ಕರಾವಳಿಯಲ್ಲಿ ‘ಮೋರೆ’ ಎನ್ನುವಾಗ ಅದರಲ್ಲಿ ತಾತ್ಸಾರವಿಲ್ಲ. ಅದೇ ‘ಮೋರೆ’ ಮೈಸೂರಿನ ಕಡೆ ಬಂದರೆ ಸ್ವಲ್ಪ ಒರಟಾಗುತ್ತದೆ. ‘ಮೂತಿ ಊದಿಸಿಕೊಂಡು ಕೂತಿದ್ದಾನೆ’ ಎಂಬಲ್ಲಿ ಕೋಪದ ಜೊತೆ ಸಲಿಗೆಯೂ ಇದೆ, ‘ಮುಸುಡಿ’ಯಲ್ಲಿ ಸಲಿಗೆಯೂ ಉಳಿಯುವುದಿಲ್ಲ. ‘ಫಿಜ್’ ಓಡಾಡುವುದು ಈ ‘ಮೂತಿ’ ಮತ್ತು ‘ಮುಸುಡಿ’ಗಳ ನಡುವೆ. ಆದ್ದರಿಂದ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬಲ್ಲ ಓದುಗನಿಗೆ ನಿಮ್ಮ ಸಾಲು, ಮೊಮ್ಮಗಳು ಬಟ್ಟೆ ಸರಿಸಿ ಅಜ್ಜಿಯ ಮೂತಿಯನ್ನು ಕೊನೆಯ ಸಲ ನೋಡಿದಳು ಎಂಬಂತೆ ಕೇಳಿಸುತ್ತದೆ. ಆ ಪದವನ್ನು ಅರಿಯದ ಓದುಗನೋ, ಸೋಡಾದ ನೊರೆ ಉಕ್ಕುವ ‘ಫಿಜ್’ (fizz) ಇಲ್ಲಿಗೇಕೆ ಬಂತೆಂದು ತಬ್ಬಿಬ್ಬಾಗುತ್ತಾನೆ.

ಅಪರೂಪದ ಪದಗಳನ್ನು ಬಳಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ನೀವು ಮುಂದೆಂದಾದರೂ ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲದ ಕಂಪನಿ ಸೈನ್ಯಾಧಿಕಾರಿಯೊಬ್ಬನ ಕಥೆ ಬರೆದು ಇಂಗ್ಲಿಷಿಗೆ ತಂದರೆ, ಅವನು ತನ್ನ ಮೇಲಧಿಕಾರಿಯನ್ನು ಗೆಳೆಯನ ಮುಂದೆ ಆಡಿಕೊಳ್ಳುವಾಗ ‘ಫಿಜ್’ ಧಾರಾಳವಾಗಿ ಬರಲಿ. ಅದು ಅವನ ಕಾಲದ ಮಾತು, ಅವನ ನಾಲಿಗೆಗೆ ಹೊಂದುವ ಮಾತು. ಹಳೆಯ ಪದ ಎದುರಾದಾಗ ಅದರ ವಯಸ್ಸನ್ನು ವಿಚಾರಿಸಿದರೆ ಸಾಲದು, ಯಾರು ಯಾರೊಡನೆ ಯಾವ ದನಿಯಲ್ಲಿ ಅದನ್ನು ಆಡುತ್ತಿದ್ದರು ಎಂಬುದನ್ನೂ ವಿಚಾರಿಸಬೇಕು. ಅದಕ್ಕೆ ಸಮಾನಾರ್ಥಕ ಕೋಶ ನೆರವಾಗದು. ಬಳಕೆಯ ಉದಾಹರಣೆಗಳನ್ನು ಕಾಲಕ್ರಮದಲ್ಲಿ ಕೊಡುವ ಆಕ್ಸ್‌ಫರ್ಡ್ ಮಹಾನಿಘಂಟಿನಂಥದ್ದನ್ನು ತೆರೆದು ನಾಲ್ಕು ವಾಕ್ಯಗಳನ್ನಾದರೂ ಓದಿ.

ಈ ಸಾಲಿನಲ್ಲಿ ‘ಫೇಸ್’ ಎಂದೇ ಇಡಿ. ಮೂಲದಲ್ಲಿ ನೀವು ‘ವದನ’ ಎಂದಾಗಲಿ ‘ಆನನ’ ಎಂದಾಗಲಿ ಬರೆಯದೆ ‘ಮುಖ’ ಎಂದಷ್ಟೇ ಬರೆದಿದ್ದೀರಿ, ಅದು ಸರಿಯಾಗಿಯೇ ಇತ್ತು. ತಿದ್ದಿದ ಪ್ರತಿಯನ್ನು ಕಳುಹಿಸುವಾಗ ಎರಡನೆಯ ಭಾಗದ ಸಂಭಾಷಣೆಯನ್ನೂ ಇನ್ನೊಮ್ಮೆ ನೋಡಿ. ಅಲ್ಲಿ ಅಂಗಡಿಯವನು ಎರಡು ಕಡೆ, ‘ಇಟ್ ಈಸ್’ ಎಂಬುದರ ಹಳೆಯ ಕುಗ್ಗಿದ ರೂಪವಾದ ‘ಟಿಸ್’ ಎಂದು ಮಾತು ಶುರುಮಾಡುತ್ತಾನೆ.

ಇತಿ,
ನಿಮ್ಮ ಹಿತೈಷಿ