ಟಿಕೆಟ್ ಇಲ್ಲದ ಮ್ಯೂಸಿಯಂಗೆ ಅರ್ಧ ದಿನ ತೆಗೆದಿಡಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಬಂತೆಂದರೆ ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೊರಡುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಅವರ ಪ್ರವಾಸದ ಪಟ್ಟಿಯಲ್ಲಿ ವಾಷಿಂಗ್ಟನ್ನಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ದಿನ. ಶ್ವೇತಭವನದ ಬೇಲಿಯ ಮುಂದೆ ಒಂದು ಫೋಟೊ, ಲಿಂಕನ್ ಸ್ಮಾರಕ, ಸಂಸತ್ತಿನ ಗುಮ್ಮಟ, ವಿಮಾನಗಳ ಮ್ಯೂಸಿಯಂ, ಅಷ್ಟಕ್ಕೆ ಸಂಜೆಯಾಗುತ್ತದೆ. ಆ ಗುಮ್ಮಟದಿಂದ ನಾಲ್ಕು ಹೆಜ್ಜೆ ಇತ್ತ ಬಂದರೆ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನ ಪೂರ್ವ ಕಟ್ಟಡವಿದೆ. ಎಲ್ಲರೂ ಅದರ ಮುಂದೆಯೇ ಹಾದು ಹೋಗುತ್ತಾರೆ, ಒಳಗೆ ಕಾಲಿಡುವವರು ಕಡಿಮೆ. ಪ್ರವೇಶಕ್ಕೆ ದುಡ್ಡಿಲ್ಲ, ಮುಂಗಡ ಪಾಸೂ ಬೇಡ. ದುಡ್ಡು ಕೊಡದೆ ನೋಡುವುದೆಂದರೆ ಸಮಯ ಉಳಿದರೆ ಇಣುಕುವ ಜಾಗ ಎಂದೇ ನಮ್ಮವರು ತಿಳಿಯುತ್ತಾರೆ. ಈ ಕಟ್ಟಡಕ್ಕೆ ಅರ್ಧ ದಿನವಾದರೂ ಕೊಡಿ ಎಂದು ಕೇಳಿಕೊಳ್ಳಲು, ಹೇಗೆ ನೋಡಬೇಕೆಂದು ತಿಳಿಸಲು ಈ ಪತ್ರ.

ಮೊದಲು ಜಾಗದ ಲೆಕ್ಕ. ವಾಷಿಂಗ್ಟನ್ನಿನ ಬೀದಿಗಳು ಬಹುಪಾಲು ಚೌಕುಳಿ ಹಾಕಿದಂತಿವೆ, ಆದರೆ ಪೆನ್ಸಿಲ್ವೇನಿಯಾ ಅವೆನ್ಯೂ ಅವುಗಳನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಇಲ್ಲಿ ಉಳಿದದ್ದು ಸೊಟ್ಟನೆಯ, ತ್ರಾಪಿಜ್ಯ ಆಕಾರದ ನಿವೇಶನ. ವಾಸ್ತುಶಿಲ್ಪಿ ಐ. ಎಂ. ಪೇ ಆ ನಿವೇಶನಕ್ಕೆ ಒಂದು ಕರ್ಣರೇಖೆ ಎಳೆದು ಎರಡು ತ್ರಿಕೋನ ಮಾಡಿದರು. ಸಮದ್ವಿಬಾಹು ತ್ರಿಕೋನ ಚಿತ್ರಶಾಲೆಯಾಯಿತು, ಲಂಬಕೋನ ತ್ರಿಕೋನ ವಿದ್ವಾಂಸರ ಅಧ್ಯಯನ ಕೇಂದ್ರವಾಯಿತು. ಇದೇ ಗ್ಯಾಲರಿಯ, 1941ರಲ್ಲಿ ತೆರೆದ ಪಶ್ಚಿಮ ಕಟ್ಟಡದ ನಡುಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಅದು ಸಮದ್ವಿಬಾಹು ತ್ರಿಕೋನದ ನೆತ್ತಿಯಿಂದ ಇಳಿದ ಲಂಬದ ಮೇಲೇ ಬೀಳುತ್ತದೆ. ಹಳೆಯದಕ್ಕೆ ಕಂಬ, ಗುಮ್ಮಟ. ಹೊಸದಕ್ಕೆ ಎರಡೂ ಇಲ್ಲ. ಆದರೂ ಒಂದಕ್ಕೊಂದು ಎದುರು ನಿಂತು ಜಗಳವಾಡುವುದಿಲ್ಲ, ಅದಕ್ಕೆ ಈ ಗೆರೆಯೇ ಕಾರಣ. ಕಟ್ಟಡ ತೆರೆದದ್ದು 1978ರ ಜೂನ್ 1ರಂದು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಅಂಗಳದ ಗಾಜಿನ ಪಿರಮಿಡ್ಡನ್ನು ಇದೇ ಪೇ ಮಾಡಿದ್ದು ಆಮೇಲೆ, 1989ರಲ್ಲಿ. ಇಲ್ಲಿಯ ಅಂಗಳದಲ್ಲಿ ಕಲ್ಲುಹಾಸಿನಿಂದ ಮೇಲೆದ್ದಿರುವ ಪುಟ್ಟ ಪಿರಮಿಡ್ಡುಗಳಂಥ ಗಾಜಿನ ಆಕೃತಿಗಳನ್ನು ನೋಡಿದವರಿಗೆ ಆ ಪಿರಮಿಡ್ಡಿನ ಬೇರು ಎಲ್ಲಿದೆಯೆಂದು ಹೇಳಬೇಕಾಗಿಲ್ಲ.

ನಾಲ್ಕನೇ ಬೀದಿಯ ಅಂಗಳದಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತು ಬಲಗಡೆ ನೋಡಿ. ಅಧ್ಯಯನ ಕೇಂದ್ರದ ಎರಡು ಗೋಡೆಗಳು ಕೇವಲ 19.5 ಡಿಗ್ರಿ ಕೋನದಲ್ಲಿ ಬಂದು ಕೂಡುತ್ತವೆ. ಕಲ್ಲಿನ ಕಟ್ಟಡದ ಮೂಲೆಯೆಂದರೆ ನಮ್ಮ ಕಣ್ಣಿಗೆ 90 ಡಿಗ್ರಿಯೇ ರೂಢಿ. ಇದು ಕುಡುಗೋಲಿನ ಬಾಯಿಯಂತೆ ಆಕಾಶಕ್ಕೆ ಎದ್ದು ನಿಂತಿದೆ. ಹತ್ತಿರ ಹೋಗಿ ನೋಡಿದರೆ ಎದೆಯ ಮಟ್ಟದಲ್ಲಿ ಕಲ್ಲು ಕಪ್ಪಾಗಿ ನುಣುಪಾಗಿರುವುದು ಕಾಣುತ್ತದೆ. ದಶಕಗಳಿಂದ ಬಂದವರೆಲ್ಲ ಆ ಅಂಚು ನಿಜವೇ ಎಂದು ಮುಟ್ಟಿ ನೋಡಿ ನೋಡಿ, ಕೈಯ ಜಿಡ್ಡು ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದು ಆದ ಕಲೆ ಅದು. ನಮ್ಮ ದೇವಸ್ಥಾನದ ಹೊಸ್ತಿಲು, ದ್ವಾರಪಾಲಕನ ಪಾದ ಭಕ್ತರ ಕೈ ತಾಗಿ ಕಪ್ಪಗೆ ಹೊಳೆಯುತ್ತವಲ್ಲ, ಅದೇ ಬಗೆ.

ಕಲ್ಲಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ನಸುಗೆಂಪು ಬಣ್ಣದ ಇದನ್ನು ಟೆನ್ನೆಸ್ಸೀ ಮಾರ್ಬಲ್ ಎನ್ನುತ್ತಾರೆ. ಭೂವಿಜ್ಞಾನದ ಲೆಕ್ಕದಲ್ಲಿ ಇದು ಅಮೃತಶಿಲೆಯಲ್ಲ, ಚೆನ್ನಾಗಿ ಗಟ್ಟಿಯಾಗಿ ಪಾಲಿಶ್ ಹಿಡಿಯುವ ಸುಣ್ಣಕಲ್ಲು. ಕುಲದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಿನ ನೆಂಟ. ಗೋಡೆಗೆ ಒಂದು ಅಡಿ ದೂರದಲ್ಲಿ ನಿಂತರೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಓಡುವ ಬೂದು ಗೆರೆಗಳು ಕಾಣುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಸುಣ್ಣದ ಪದರಗಳು ಭಾರಕ್ಕೆ ಸಿಕ್ಕಿ ಕರಗಿ ಕೂಡಿಕೊಂಡ ಸಂದುಗಳು ಅವು. ಪಶ್ಚಿಮ ಕಟ್ಟಡಕ್ಕೆ ಬಳಸಿದ್ದೂ ಇದೇ ಕಲ್ಲು. ಒಳಗಿನ ಕಾಂಕ್ರೀಟಿಗೂ ಇದೇ ಕಲ್ಲಿನ ಪುಡಿ ಬೆರೆಸಿದ್ದಾರೆ, ಹಾಗಾಗಿ ಕಲ್ಲು ಎಲ್ಲಿ ಮುಗಿಯಿತು, ಕಾಂಕ್ರೀಟ್ ಎಲ್ಲಿ ಶುರುವಾಯಿತು ಎಂಬುದು ಬಣ್ಣದಿಂದ ತಟ್ಟನೆ ಗೊತ್ತಾಗುವುದಿಲ್ಲ. ಅಚ್ಚಿನ ಮರಗೆಲಸ ಎಷ್ಟು ನಾಜೂಕಾಗಿತ್ತು ಎನ್ನುವುದಕ್ಕೆ ಕಾಂಕ್ರೀಟ್ ತೊಲೆಗಳ ಅಂಚುಗಳೇ ಸಾಕ್ಷಿ. ಮೇಲೆ ಗಿಲಾವು ಬಳಿದು ತಪ್ಪು ಮುಚ್ಚುವ ಅವಕಾಶವನ್ನು ಅವರು ಇಟ್ಟುಕೊಂಡಿರಲಿಲ್ಲ.

ಆದರೆ ಇಷ್ಟು ಚಂದದ ಮೈಯಲ್ಲೇ ದೊಡ್ಡ ದೋಷವೂ ಇತ್ತು. ಕಟ್ಟಡ ಕಟ್ಟುವವರು, ಕಟ್ಟಿಸುವವರು ಇದನ್ನು ತಿಳಿಯಬೇಕು. ಗೋಡೆಯ ಮೇಲಿರುವುದು 2 ಅಡಿ ಎತ್ತರ, 5 ಅಡಿ ಉದ್ದ, 3 ಇಂಚು ದಪ್ಪದ ಚಪ್ಪಡಿಗಳು. ಒಂದೊಂದರ ತೂಕ 200 ಕಿಲೋ ಆಸುಪಾಸು, ಒಟ್ಟು ಸುಮಾರು 16,200. ಪ್ರತಿ ಚಪ್ಪಡಿಯನ್ನೂ ಹಿಂದಿನ ಗೋಡೆಗೆ ಉಕ್ಕಿನ ಕೊಂಡಿಗಳಿಂದ ಬೇರೆ ಬೇರೆಯಾಗಿ ಹಿಡಿದು, ನಡುವೆ ಒಂದು ಇಂಚಿನ ಎಂಟನೇ ಒಂದು ಭಾಗದಷ್ಟೇ ಸಂದು ಬಿಟ್ಟು, ಅದಕ್ಕೆ ನಿಯೋಪ್ರೀನ್ ರಬ್ಬರ್ ಪಟ್ಟಿ ಕೂರಿಸಿದ್ದರು. ಗೋಡೆ ಒಂದೇ ಬಂಡೆಯಂತೆ ಕಾಣಬೇಕೆಂಬ ಆಸೆಯಿಂದ ಅಗಲವಾದ ವಿಸ್ತರಣಾ ಸಂದುಗಳನ್ನು ಬಿಡಲಿಲ್ಲ. ಕಲ್ಲು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಚಪ್ಪಡಿಯಲ್ಲಿ ಅದು ಕೂದಲೆಳೆಯಷ್ಟು. 60 ಮೀಟರ್ ಗೋಡೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಕೂಡಿಸಿದರೆ ಒಂದು ಸೆಂಟಿಮೀಟರ್ ದಾಟುತ್ತದೆ. ಆ ಒತ್ತಡಕ್ಕೆ ಎಲ್ಲೋ ಒಂದು ಕಡೆ ದಾರಿ ಬೇಕು. ವರ್ಷದಿಂದ ವರ್ಷಕ್ಕೆ ಹಿಗ್ಗಿ ಕುಗ್ಗಿ, ಹಿಡಿದ ಕೊಂಡಿಗಳು ಸೋತು, ಚಪ್ಪಡಿಗಳು ಹೊರಕ್ಕೆ ವಾಲುತ್ತಿರುವುದು 2005ರಲ್ಲಿ ಕಣ್ಣಿಗೆ ಬಿತ್ತು. ಕೆಳಗೆ ಜನ ಓಡಾಡುವ ಜಾಗ, ಮೇಲೆ 200 ಕಿಲೋದ ಕಲ್ಲು! ಕೆಟ್ಟದ್ದನ್ನಷ್ಟೇ ಬದಲಿಸಿ ಕೈತೊಳೆದುಕೊಳ್ಳದೆ, 2014ರ ಹೊತ್ತಿಗೆ ಅಷ್ಟೂ ಚಪ್ಪಡಿಗಳನ್ನು ಒಂದೊಂದಾಗಿ ಇಳಿಸಿ ಹೊಸ ಆಧಾರ ಕೊಟ್ಟು ಅದೇ ಕಲ್ಲುಗಳನ್ನು ಮತ್ತೆ ಕೂರಿಸಿದರು. ಇದಕ್ಕೆ ಸುಮಾರು 8.5 ಕೋಟಿ ಡಾಲರ್ ಸರ್ಕಾರದ ಹಣ ಹೋಯಿತು.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಈಗ ಬಹುಮಹಡಿ ಕಟ್ಟಡಗಳ ಮುಖಕ್ಕೆ ಗ್ರಾನೈಟ್ ಹೊದಿಸುವುದು ಸಾಮಾನ್ಯವಾಗಿದೆ. ಎಷ್ಟೋ ಕಡೆ ಸಿಮೆಂಟಿನಿಂದ ಅಂಟಿಸಿ, ಸಂದೇ ಬಿಡದೆ ಒತ್ತೊತ್ತಾಗಿ ಕೂರಿಸುತ್ತಾರೆ. ಸಂದು ಕಂಡರೆ ಕೆಲಸ ಕಚ್ಚಾ ಎಂದು ಮಾಲೀಕರೇ ಗೊಣಗುತ್ತಾರೆ. ಜಗತ್ತಿನ ಅತ್ಯುತ್ತಮ ವಾಸ್ತುಶಿಲ್ಪಿಯ ಕೈಯಲ್ಲೂ, ಹಣಕ್ಕೆ ಕೊರತೆಯಿಲ್ಲದ ಕೆಲಸದಲ್ಲೂ ಸಂದಿನ ಲೆಕ್ಕ ತಪ್ಪಿದ್ದಕ್ಕೆ ಮೂರು ದಶಕ ತುಂಬುವ ಮೊದಲೇ ಬೆಲೆ ತೆರಬೇಕಾಯಿತು. ವಾಸ್ತುಶಿಲ್ಪ ಓದುವ ಮಕ್ಕಳು ಅಲ್ಲಿಗೆ ಹೋದರೆ ಒಳಗಿನ ಚಿತ್ರಗಳಿಗೆ ಮೊದಲು ಹೊರಗೋಡೆಯ ಈ ಸಂದುಗಳನ್ನು ಕಣ್ಣಿಟ್ಟು ನೋಡಲಿ.

ಇನ್ನು ಒಳಗೆ. ಬಾಗಿಲು ದಾಟಿದ ಕೂಡಲೇ ಚಾವಣಿ ತಗ್ಗು, ಬೆಳಕೂ ಮಂದ. ಇಷ್ಟೇನಾ ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಮುಂದಿಟ್ಟರೆ ತಲೆಯ ಮೇಲಿನ ಭಾರವೆಲ್ಲ ಸರಿದು, ಸುಮಾರು 16,000 ಚದರಡಿಯ ಗಾಜಿನ ಚಾವಣಿಯಡಿ ನಿಂತಿರುತ್ತೀರಿ. ತಗ್ಗಿನಿಂದ ಎತ್ತರಕ್ಕೆ, ಕತ್ತಲಿನಿಂದ ಬೆಳಕಿಗೆ ಕರೆದೊಯ್ಯುವುದು ಬೇಕೆಂದೇ ಮಾಡಿದ್ದು. ನಮ್ಮ ಗುಡಿಗಳಲ್ಲಿ ಇದರ ಹಿಮ್ಮುಖ, ನವರಂಗದ ಬೆಳಕಿನಿಂದ ಗರ್ಭಗುಡಿಯ ಕತ್ತಲಿಗೆ ನಡೆ. ಚಾವಣಿಯೂ ತ್ರಿಕೋನಗಳ ಹೆಣಿಗೆ, ನೆಲಹಾಸೂ ತ್ರಿಕೋನ. ಬಿಸಿಲು ಗಾಜಿನ ಕೆಳಗಿನ ಅಲ್ಯೂಮಿನಿಯಂ ಕೊಳವೆಗಳ ಸಾಲಿನಲ್ಲಿ ಜರಡಿ ಹಿಡಿದು ಇಳಿಯುವುದರಿಂದ ಕಣ್ಣಿಗೆ ಹೊಡೆಯುವುದಿಲ್ಲ.

ನಡುವೆ ತೂಗುತ್ತಿರುವುದು ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ವಿನ್ಯಾಸದ ಮೊಬೈಲ್, ಅಂದರೆ ಗಾಳಿಗೆ ತಿರುಗುವ ತೂಗುಶಿಲ್ಪ. ಕೆಂಪು, ಕಪ್ಪು, ನೀಲಿ ರೆಕ್ಕೆಗಳು, ಹರವು 76 ಅಡಿ. ಮೊದಲು ಯೋಚಿಸಿದಂತೆ ಉಕ್ಕಿನಲ್ಲೇ ಮಾಡಿದ್ದರೆ ಹಲವು ಸಾವಿರ ಪೌಂಡ್ ತೂಗಿ ಮೋಟಾರಿಲ್ಲದೆ ಕದಲುತ್ತಿರಲಿಲ್ಲ. ಚಿತ್ರಕಾರ ಆನ್ರಿ ಮಾಟೀಸ್‌ರ ಮೊಮ್ಮಗ ಪಾಲ್ ಮಾಟೀಸ್ ಜೇನುಗೂಡಿನಂಥ ಟೊಳ್ಳು ತುಂಬಿದ ಅಲ್ಯೂಮಿನಿಯಂ ಹಲಗೆಗಳಿಂದ ರೆಕ್ಕೆ ಮಾಡಿ ಅದನ್ನು 920 ಪೌಂಡಿಗೆ, ಅಂದರೆ 420 ಕಿಲೋದೊಳಕ್ಕೆ ಇಳಿಸಿದರು. ಈಗ ಅದು ಕಟ್ಟಡದೊಳಗಿನ ಗಾಳಿಯ ಹರಿವಿಗೇ ತಿರುಗುತ್ತದೆ. ಎರಡು ನಿಮಿಷ ನೋಡಿದವರಿಗೆ ಅದು ನಿಂತಂತೆ ಕಾಣುತ್ತದೆ. ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತವರಿಗೆ, ಕೆಂಪು ರೆಕ್ಕೆ ಅಂಗಳದ ಮೇಲೆ ಹಾದ ಕಾಲುಸೇತುವೆಯ ಈ ಬದಿಯಿಂದ ಆ ಬದಿಗೆ ಹೋಗಿರುವುದು ತಿಳಿಯುತ್ತದೆ. ಕಾಲ್ಡರ್ ಇದನ್ನು ತೂಗುಹಾಕಿದ್ದು ನೋಡಲಿಲ್ಲ, 1976ರ ನವೆಂಬರಿನಲ್ಲೇ ತೀರಿಕೊಂಡರು.

ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ ಇರಲಿ. ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಆಗ ಕಾಲಿನಲ್ಲಿ ಶಕ್ತಿಯೂ ಇರುತ್ತದೆ, ಮೇಲೆ ಜನವೂ ಕಡಿಮೆ. ಲಿಫ್ಟಿನಲ್ಲಿ ನೇರ ಮೇಲಕ್ಕೆ ಹೋಗಿ ಗೋಪುರದ ಕೋಣೆಗಳನ್ನು ಮೊದಲು ಮುಗಿಸಿ. ಒಂದರಲ್ಲಿ ಕಾಲ್ಡರ್, ಇನ್ನೊಂದರಲ್ಲಿ ಚಿತ್ರಕಾರ ಮಾರ್ಕ್ ರಾತ್ಕೊ. ರಾತ್ಕೊ ಚಿತ್ರಗಳ ಮುಂದೆ ಬೇಗ ಹಾದು ಹೋದರೆ ಬಣ್ಣದ ಪಟ್ಟಿಗಳಷ್ಟೇ ಕಾಣುತ್ತವೆ. ಆರೇಳು ಅಡಿ ದೂರ ನಿಂತು ಅಂಚುಗಳನ್ನು ನೋಡಿ, ಒಂದು ಬಣ್ಣದ ಕೆಳಗಿಂದ ಇನ್ನೊಂದು ಬಣ್ಣ ಉಸಿರಾಡುವುದು ಕಾಣುತ್ತದೆ. ಎರಡು ಗೋಪುರಗಳ ನಡುವಿನ ತೆರೆದ ತಾರಸಿಯಲ್ಲಿ ಕಡುನೀಲಿ ಹುಂಜವೊಂದು ನಿಂತಿದೆ, ಆಳೆತ್ತರದ ಎರಡು ಪಟ್ಟಿಗಿಂತ ದೊಡ್ಡದು, ಜರ್ಮನ್ ಕಲಾವಿದೆ ಕತರೀನಾ ಫ್ರಿಚ್ ಮಾಡಿದ್ದು. ಮಕ್ಕಳನ್ನು ಕರೆತಂದವರು ಇದನ್ನು ತಪ್ಪಿಸಬೇಡಿ. ಮಳೆಗಾಳಿ ಇದ್ದರೆ ತಾರಸಿಯ ಬಾಗಿಲು ಹಾಕಿರುತ್ತಾರೆ. ಗೋಪುರಗಳಿಗೆ ಹೋಗುವ ದಾರಿ ಮೊದಲು ತೊಡಕಾಗಿತ್ತು. 2016ರಲ್ಲಿ ಮುಗಿದ ನವೀಕರಣದಲ್ಲಿ ಹೊಸ ಮೆಟ್ಟಿಲುಗಳು ಬಂದು, 12,250 ಚದರಡಿ ಪ್ರದರ್ಶನದ ಜಾಗ ಸೇರಿ ಓಡಾಟ ಸಲೀಸಾಗಿದೆ.

ಕೊನೆಗೆ ನೆಲಮಾಳಿಗೆ. ಎರಡೂ ಕಟ್ಟಡಗಳನ್ನು ಬೀದಿಯ ಕೆಳಗಿನಿಂದ ಕೂಡಿಸುವ ಹಾದಿಯಲ್ಲಿ ಚಲಿಸುವ ಪಟ್ಟಿಯಿದೆ. ಸುತ್ತ ಕಲಾವಿದ ಲಿಯೊ ವಿಲಾರಿಯಲ್ 2008ರಲ್ಲಿ ಹೂಡಿದ, ಸುಮಾರು 41,000 ಎಲ್‌ಇಡಿಗಳ ಬೆಳಕಿನಾಟ. ಮೇಲಿನ ಅಂಗಳದ ನೀರು ಗಾಜಿನಾಚೆ ಧುಮುಕುವುದನ್ನು ನೋಡುತ್ತ ಕೂರುವ ಊಟದ ಜಾಗವೂ ಇಲ್ಲೇ. ಜುಲೈ ಬಿಸಿಲಿನಲ್ಲಿ ಹಿರಿಯರನ್ನು ರಸ್ತೆ ದಾಟಿಸುವುದಕ್ಕಿಂತ ಈ ಹಾದಿಯೇ ವಾಸಿ. ಪಶ್ಚಿಮ ಕಟ್ಟಡದಲ್ಲಿ ಲಿಯೊನಾರ್ಡೊ ಡ ವಿಂಚಿಯ ಜಿನೆವ್ರಾ ದೆ ಬೆಂಚಿಯ ಭಾವಚಿತ್ರವಿದೆ. ಅಮೆರಿಕ ಖಂಡಗಳಲ್ಲಿ ಸಾರ್ವಜನಿಕರಿಗೆ ಕಾಣಸಿಗುವ ಅವನ ಬಣ್ಣದ ಚಿತ್ರ ಅದೊಂದೇ. ಹಲಗೆಯ ಹಿಂಬದಿಗೂ ಚಿತ್ರವಿದೆ, ಸುತ್ತು ಹಾಕಿ ನೋಡಿ.

ಹೋಗುವವರಿಗೆ ತಿಳಿದಿರಬೇಕಾದ ಕೆಲವು ಮಾತು. ಬೆಳಿಗ್ಗೆ 10ರಿಂದ ಸಂಜೆ 5, ವಾರದ ಏಳೂ ದಿನ. ಡಿಸೆಂಬರ್ 25 ಮತ್ತು ಜನವರಿ 1 ಮಾತ್ರ ರಜೆ. ಸುತ್ತಲಿನ ಹಲವು ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಗೆ ಇದು ಸೇರಿದ್ದಲ್ಲ. ವಿಮಾನಗಳ ಮ್ಯೂಸಿಯಂಗೆ ಬೇಕಾಗುವ ಸಮಯದ ಪಾಸಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಅಮೆರಿಕ ಸರ್ಕಾರದ ಬಜೆಟ್ ಸಂಸತ್ತಿನಲ್ಲಿ ಸಿಕ್ಕಿಬಿದ್ದು ಕಚೇರಿಗಳು ಮುಚ್ಚಿದಾಗ ಇದೂ ಮುಚ್ಚುತ್ತದೆ. 2013ರಲ್ಲಿ, 2019ರ ಆರಂಭದಲ್ಲಿ, 2025ರ ಅಕ್ಟೋಬರಿನಲ್ಲಿ ಹಾಗೇ ಆಯಿತು. ಅಂಥ ಸುದ್ದಿಯಿದ್ದರೆ ಹೊರಡುವ ಮುನ್ನ ಮ್ಯೂಸಿಯಂನ ಜಾಲತಾಣ ನೋಡಿಕೊಳ್ಳಿ.

ಮ್ಯೂಸಿಯಂಗೆ ಸ್ವಂತ ಪಾರ್ಕಿಂಗ್ ಇಲ್ಲ, ಸುತ್ತಮುತ್ತ ಜಾಗ ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಮೆಟ್ರೊ ಒಳ್ಳೆಯದು. ಮೇರಿಲ್ಯಾಂಡಿನ ರಾಕ್‌ವಿಲ್ ಕಡೆಯವರು ರೆಡ್ ಲೈನಿನಲ್ಲಿ ಕುಳಿತು ಜುಡಿಷಿಯರಿ ಸ್ಕ್ವೇರ್‌ನಲ್ಲಿ ಇಳಿದರಾಯಿತು. ವರ್ಜೀನಿಯಾದ ಆ್ಯಶ್‌ಬರ್ನ್, ಹರ್ನ್‌ಡನ್ ಕಡೆಯಿಂದ ಸಿಲ್ವರ್ ಲೈನಿನಲ್ಲಿ ಬರುವವರು ಮೆಟ್ರೊ ಸೆಂಟರಿನಲ್ಲಿ ರೆಡ್ ಲೈನಿಗೆ ಬದಲಾಯಿಸಿ ಎರಡನೇ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ನಾಲ್ಕನೇ ಬೀದಿ ಹಿಡಿದು ದಕ್ಷಿಣಕ್ಕೆ ಸ್ವಲ್ಪ ನಡಿಗೆ.

ಬಾಗಿಲಲ್ಲಿ ಚೀಲಗಳ ತಪಾಸಣೆಯಿದೆ. ತಡವಾಗುವುದು ಹೆಚ್ಚಾಗಿ ಇಲ್ಲೇ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ. 17 ಇಂಚು ಅಗಲ, 26 ಇಂಚು ಉದ್ದ ಮೀರಿದ್ದನ್ನು ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಬೆನ್ನಿಗೆ ಹಾಕುವ ಚೀಲವನ್ನು ಅಲ್ಲಿಯ ಕೋಣೆಯಲ್ಲಿ ಉಚಿತವಾಗಿ ಇಡಬಹುದು. ಬೆನ್ನಿನ ಮೇಲೆ ಹೊತ್ತು ತಿರುಗಲು ಬಿಡದಿರುವುದಕ್ಕೆ ಕಾರಣ, ಹೊತ್ತವರು ಹಿಂದಕ್ಕೆ ತಿರುಗಿದಾಗ ಚೀಲದ ತುದಿ ಎಲ್ಲಿ ತಾಗಿತೆಂಬುದು ಅವರಿಗೇ ತಿಳಿಯುವುದಿಲ್ಲ. ಗಾಲಿಕುರ್ಚಿಯೂ ಉಚಿತ, ಮೊದಲು ಬಂದವರಿಗೆ ಮೊದಲು. ಮಂಡಿನೋವಿನವರು ಸಂಕೋಚಪಡದೆ ಕೇಳಿ. ಸ್ವಂತ ಸಂಗ್ರಹದ ಚಿತ್ರಗಳ ಫೋಟೊ ತೆಗೆಯಬಹುದು, ಫ್ಲ್ಯಾಶ್ ಮತ್ತು ಸೆಲ್ಫಿ ಕೋಲು ಕೂಡದು.

ಟಿಕೆಟ್ ಇಲ್ಲದಿರುವುದರ ನಿಜವಾದ ಲಾಭ ದುಡ್ಡಿನದಲ್ಲ. 25 ಡಾಲರ್ ಕೊಟ್ಟು ಒಳಹೊಕ್ಕವರು ಕೊಟ್ಟದ್ದು ವಸೂಲಾಗಲೆಂದು ಎಲ್ಲ ಕೋಣೆಗಳನ್ನೂ ಓಡಾಡಿ ಸುಸ್ತಾಗುತ್ತಾರೆ. ಇಲ್ಲಿ ಆ ಹಂಗಿಲ್ಲ. ಬೆಳಿಗ್ಗೆ ಒಂದೂವರೆ ಗಂಟೆ ನೋಡಿ ಹೊರಬನ್ನಿ, ಮರದ ನೆರಳಲ್ಲಿ ಬುತ್ತಿ ಬಿಚ್ಚಿ, ಮಧ್ಯಾಹ್ನ ಮತ್ತೆ ಹೋಗಿ ಒಂದು ಗಂಟೆ ನೋಡಿ. ತಿಂಗಳುಗಟ್ಟಲೆ ಅಲ್ಲೇ ಇರುವ ಹಿರಿಯರು ಬಿಡುವಾದಾಗ ಮತ್ತೆ ಮತ್ತೆ ಹೋಗಬಹುದು. ಮೋಡದ ದಿನ ಒಂದು ಸಲ, ಬಿಸಿಲಿನ ದಿನ ಒಂದು ಸಲ ಹೋದರೆ ಗಾಜಿನ ಚಾವಣಿಯಡಿಯ ಅಂಗಳ ಒಂದೇ ಅಲ್ಲವೆಂದು ಕಾಣುತ್ತದೆ.

ಅಲ್ಲಿನ ಕನ್ನಡ ಸಂಘಗಳಲ್ಲೂ ನಮ್ಮ ಪ್ರವಾಸ ಏಜೆಂಟರಲ್ಲೂ ಒಂದು ಕೋರಿಕೆ: ವಾಷಿಂಗ್ಟನ್ ದರ್ಶನದ ಪಟ್ಟಿಯಲ್ಲಿ ಈ ಕಟ್ಟಡಕ್ಕೆ ಬಸ್ ನಿಲ್ಲಿಸುವ ಹದಿನೈದು ನಿಮಿಷದ ಬದಲು ಬೆಳಗಿನ ಮೂರು ಗಂಟೆ ಬರೆಯಿರಿ. ಜನರನ್ನು ನಾಲ್ಕನೇ ಬೀದಿಯ ಬಾಗಿಲಲ್ಲೇ ಇಳಿಸಿ. ಹುಲ್ಲುಹಾಸಿನ ಕಡೆಯಿಂದ ಪಶ್ಚಿಮ ಕಟ್ಟಡಕ್ಕೆ ಹೋದರೆ ಎತ್ತರದ ಮೆಟ್ಟಿಲು ಹತ್ತಬೇಕಾಗುತ್ತದೆ.

— ಕಟ್ಟಡ ಕಲೆಯ ಆಸಕ್ತರು, ಮೈಸೂರು