ನೇತ್ರಾಣಿ ದ್ವೀಪಕ್ಕೆ ನಮ್ಮ ಜೊತೆ ಬರುವವರಿಗೆ: ದರ, ಸೀಟು ಮತ್ತು ಬ್ರೆಡ್ಡಿನ ವಿಷಯ

ನಮಸ್ಕಾರ.

ಈ ಅಕ್ಟೋಬರ್‌ನಿಂದ ನಮ್ಮ ಸ್ನಾರ್ಕೆಲಿಂಗ್ (ಮಾಸ್ಕು ಹಾಕಿ ತೇಲುತ್ತಾ ನೀರೊಳಗಿನ ಮೀನು, ಹವಳ ನೋಡುವುದು) ಬೋಟಿನಲ್ಲಿ ಹನ್ನೆರಡು ಜನರ ಬದಲು ಎಂಟೇ ಜನ. ಒಬ್ಬರಿಗೆ 500 ರೂಪಾಯಿ ಜಾಸ್ತಿ. ಮೀನಿಗೆ ಹಾಕಲು ಬ್ರೆಡ್, ಬಿಸ್ಕತ್ತು, ಮಂಡಕ್ಕಿ ಯಾವುದನ್ನೂ ಬೋಟಿಗೆ ಹತ್ತಿಸುವುದಿಲ್ಲ. ಪ್ರತಿ ವರ್ಷ ಮಕ್ಕಳನ್ನು ಕಟ್ಟಿಕೊಂಡು ಬರುವ ನಿಮಗೆ ಇದು ಹೊರೆಯಾಗುತ್ತದೆ ಅಂತ ಗೊತ್ತು. ಕ್ಷಮೆ ಇರಲಿ. ಆದರೆ ಬೇರೆ ದಾರಿ ಕಾಣಲಿಲ್ಲ.

ದುಡ್ಡಿನ ಮಾತು ಮೊದಲು. 'ಸಮುದ್ರ ಪುಕ್ಕಟೆ, ಮೀನು ಪುಕ್ಕಟೆ, ಇವರು ಸುಮ್ನೆ ಲೂಟಿ ಮಾಡ್ತಾರೆ' ಅಂತ ಕೆಲವರು ಬರೆದಿದ್ದನ್ನು ಓದಿ ನಿಜಕ್ಕೂ ನೋವಾಯಿತು. ಮುರುಡೇಶ್ವರದಿಂದ ದ್ವೀಪ ಸುಮಾರು 19 ಕಿಲೋಮೀಟರ್. ಎಂಟು ಜನ ಕೂತರೂ ಹನ್ನೆರಡು ಜನ ಕೂತರೂ ಬೋಟು ಕುಡಿಯುವ ಡೀಸೆಲ್ ಹೆಚ್ಚುಕಡಿಮೆ ಅಷ್ಟೇ. ಮಳೆಗಾಲ ಪೂರ್ತಿ ಬೋಟು ದಡದಲ್ಲಿ, ಮೇಲೆ ಟಾರ್ಪಾಲು. ಆಗ ಒಂದು ಪೈಸೆ ಹುಟ್ಟುವುದಿಲ್ಲ, ಖರ್ಚು ಮಾತ್ರ ಆಗಲೇ ಬರುವುದು: ತಳಕ್ಕೆ ಅಂಟಿದ ಚಿಪ್ಪು ಕೆರೆದು ಬಣ್ಣ ಬಳಿಯಬೇಕು, ಎಂಜಿನ್ ಬಿಚ್ಚಿ ಜೋಡಿಸಬೇಕು, ಉಪ್ಪುನೀರಿಗೆ ಬಿರುಕುಬಿಟ್ಟ ಮಾಸ್ಕು, ಹಳೆಯ ಲೈಫ್ ಜಾಕೆಟ್ಟು ಎಲ್ಲ ಬದಲಾಯಿಸಬೇಕು. ನಮ್ಮ ಬೋಟಿನ ಹುಡುಗರಿಗೆ ಮಳೆಗಾಲದಲ್ಲೂ ಅರ್ಧ ಸಂಬಳ ಕೊಡುತ್ತೇವೆ, ಇಲ್ಲದಿದ್ದರೆ ಅವರು ಗೋವಾ ಕಡೆ ಹೊರಟುಬಿಡುತ್ತಾರೆ. ನೇತ್ರಾಣಿಯ ನೀರಿನ ಸೆಳೆತ ಬಲ್ಲ ಹುಡುಗರು ಮತ್ತೆ ಎಲ್ಲಿ ಸಿಗಬೇಕು?

ಎಂಟೇ ಜನ ಯಾಕೆ ಅಂದರೆ, ನೀರಲ್ಲಿ ಒಬ್ಬ ಹುಡುಗ ನಾಲ್ವರ ಮೇಲೆ ಸರಿಯಾಗಿ ಕಣ್ಣಿಡಬಲ್ಲ. ಆರು ಜನವಾದರೆ ಯಾರೋ ಒಬ್ಬರು ಗಾಬರಿಯಾಗಿ ಕಾಲೂರಲು ನೋಡುತ್ತಾರೆ, ಕಾಲಿಗೆ ಸಿಗುವುದು ಹವಳ. ಬಂಡೆಯ ಹಾಗೆ ಕಾಣುವ ಆ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು ಅಷ್ಟೇ. 2024ರ ಬೇಸಿಗೆಯಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳ ಬಿಳುಚಿಕೊಂಡಿದ್ದನ್ನು ನೀವೂ ಓದಿರಬಹುದು. ಅಂಥ ಕಾಲದಲ್ಲಿ ಇಲ್ಲಿರುವ ಹವಳವನ್ನು ನಾವೇ ತುಳಿಸುವುದಾ?

ಇನ್ನು ಬ್ರೆಡ್. ಇದನ್ನು ಕೇಳಿ ಕೇಳಿ ಸಾಕಾಗಿದೆ. 'ಪಕ್ಕದ ಬೋಟಿನವರು ಹಾಕ್ತಾರೆ, ಅಲ್ಲಿ ಎಷ್ಟು ಮೀನು ಮುತ್ತುತ್ತೆ, ಫೋಟೋ ಎಷ್ಟು ಚೆನ್ನಾಗಿ ಬರುತ್ತೆ, ನೀವ್ಯಾಕೆ ಬಿಡಲ್ಲ?' ಮುತ್ತುವುದು ನಿಜ. ಹಾಗೆ ಮೇಲೆ ನುಗ್ಗುವ, ಹಳದಿ ಬೆನ್ನಿಗೆ ಕಪ್ಪು ಪಟ್ಟೆಯ ಆ ಪುಟ್ಟ ಮೀನನ್ನು ಬ್ರೆಡ್ ಇಲ್ಲದಾಗ ಒಮ್ಮೆ ನೋಡಿ. ಮೊಟ್ಟೆಯ ಕಾಲದಲ್ಲಿ ಬಂಡೆಯ ಮೇಲೆ ಅಂಗೈಯಗಲ ನೇರಳೆ ಬಣ್ಣದ ಮಚ್ಚೆ ಕಾಣುತ್ತದೆ. ಅದು ಅದರ ಮೊಟ್ಟೆ. ಗಂಡುಮೀನು ಅಲ್ಲೇ ಸುತ್ತುತ್ತಾ ಕಾಯುತ್ತದೆ, ನಿಮ್ಮ ಮಾಸ್ಕಿನ ಮೇಲೂ ಏರಿ ಬರುತ್ತದೆ. ಬ್ರೆಡ್ಡಿನ ಆಸೆಗೆ ಅದು ಜಾಗ ಬಿಟ್ಟರೆ ಬೇರೆ ಮೀನುಗಳು ಬಂದು ಆ ಮೊಟ್ಟೆ ತಿಂದು ಮುಗಿಸುತ್ತವೆ. ಗಿಳಿಮೀನು ಬಂಡೆಯ ಪಾಚಿ ಕೆರೆಯುವ ಕರಕರ ಸದ್ದು ಕಿವಿ ನೀರೊಳಗಿದ್ದರೆ ಚೆನ್ನಾಗಿ ಕೇಳುತ್ತದೆ. ಅಂಥ ಮೀನು ಮೇಯದಿದ್ದರೆ ಪಾಚಿ ಏರಿ, ಹವಳದ ಮರಿಗೆ ಅಂಟಿಕೊಳ್ಳಲು ಜಾಗ ಉಳಿಯುವುದಿಲ್ಲ. ಮೈದಾ ತಿನ್ನಿಸಿ ಅವುಗಳ ಅಭ್ಯಾಸ ಕೆಡಿಸುವುದು ನಮಗೆ ಬೇಡ. ಇದಕ್ಕಾಗಿ ಕೆಲವು ಗ್ರಾಹಕರು ಬೇರೆ ಬೋಟು ಹಿಡಿದಿದ್ದಾರೆ. ಹಿಡಿಯಲಿ. ಈ ವಿಷಯದಲ್ಲಿ ನಮ್ಮ ಹುಡುಗರು ಗಟ್ಟಿ ನಿಂತಿದ್ದಾರೆ ಅನ್ನುವುದು ನಮಗೆ ಹೆಮ್ಮೆ.

ಫೋಟೋ ಬರುವುದಿಲ್ಲ ಅಂತ ಹೆದರಬೇಡಿ. ಕೈ ಬಡಿಯದೆ, ಮುಖ ಕೆಳಗೆ ಹಾಕಿ ಐದು ನಿಮಿಷ ಸುಮ್ಮನೆ ತೇಲಿ. ಮೀನುಗಳೇ ಹತ್ತಿರ ಬರುತ್ತವೆ. ಆಮೆ ಕಾಣುತ್ತದೆ ಅಂತ ಮಾತ್ರ ಮಾತು ಕೊಡುವುದಿಲ್ಲ, ಯಾರೂ ಕೊಡಬಾರದು.

ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಈಜಂಗಿ ನಾವೇ ಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ಈಜು ಬಾರದ ಅಜ್ಜಿ, ಅಮ್ಮಂದಿರು ಮೊದಲಿನ ಹಾಗೇ ಧೈರ್ಯವಾಗಿ ಬನ್ನಿ, ತೇಲುವ ರಿಂಗ್ ಹಿಡಿದು ಒಬ್ಬ ಹುಡುಗ ಪಕ್ಕದಲ್ಲೇ ಇರುತ್ತಾನೆ. ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ದರವೇ. ಗಾಳಿ ಜೋರಿದ್ದರೆ ಹಿಂದಿನ ಸಂಜೆಯೇ ಫೋನ್ ಮಾಡುತ್ತೇವೆ, ಬೇರೆ ದಿನ ಬೇಡವೆಂದರೆ ಪೂರ್ತಿ ದುಡ್ಡು ವಾಪಸ್.

ಇಂತಿ,
ಮುರುಡೇಶ್ವರದ ನಿಮ್ಮ ಬೋಟಿನವರು